ಅತ್ತೆ ನೀರು ಬೇಡವೆಂದದ್ದು

ಹಾಸಿಗೆ ಹಿಡಿದವರ ಸೇವೆ ಮಾಡಿದವರನ್ನು ಹೊಗಳುವುದು ನಮ್ಮ ಊರುಗಳಲ್ಲಿ ವಾಡಿಕೆ. ‘ಪುಣ್ಯವಂತಿ, ಅತ್ತೀನ ಕೂಸಿನಂಗ ನೋಡಿಕೊಂಡ್ಲು’ ಎಂದು ನನ್ನನ್ನೂ ಹೊಗಳಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ಅದರಲ್ಲಿ ಏನೋ ಬಿಟ್ಟುಹೋಯಿತು ಅನ್ನಿಸುತ್ತದೆ. ಮಲಗಿದವರೂ ನಮ್ಮನ್ನು ನೋಡಿಕೊಳ್ಳುತ್ತಿರುತ್ತಾರೆ. ನಮ್ಮ ನಿದ್ದೆ, ನಮ್ಮ ಸೊಂಟನೋವು, ನಮ್ಮ ಮುಖದ ಬಣ್ಣ ಎಲ್ಲ ಅವರ ಲೆಕ್ಕದಲ್ಲಿರುತ್ತವೆ. ತೇರಗಾಂವದ ನಮ್ಮ ಪಡಸಾಲೆಯಲ್ಲಿ ಅತ್ತೆ ಮಲಗಿದ್ದ ಆ ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಇದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೇರಗಾಂವ ಹಳಿಯಾಳ ತಾಲ್ಲೂಕಿನ ಊರು. ಕಾಗದದ ಮೇಲೆ ನಾವು ಉತ್ತರ ಕನ್ನಡ ಜಿಲ್ಲೆಯವರು. ಜಿಲ್ಲಾ ಕೇಂದ್ರ ಕಾರವಾರ ಇರುವುದು ಘಟ್ಟದ ಕೆಳಗೆ, ಸಮುದ್ರದ ದಂಡೆಯಲ್ಲಿ. ಜಡ್ಡು ಬಂದರೆ ನಾವು ಓಡುವುದು ಧಾರವಾಡಕ್ಕೆ, ಇಲ್ಲವೇ ಹುಬ್ಬಳ್ಳಿಗೆ. ಕರಾವಳಿಯವರು ಉಡುಪಿ, ಮಂಗಳೂರು, ಗೋವಾ ಅನ್ನುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಜನ ತೀರಿಕೊಂಡಾಗ ಇಡೀ ಜಿಲ್ಲೆ ದೊಡ್ಡ ಆಸ್ಪತ್ರೆ ಬೇಕೆಂದು ಕೂಗಿತು. ಆ ಕೂಗಿನಲ್ಲಿ ನನ್ನ ದನಿಯೂ ಇದೆ. ಆದರೆ ದೊಡ್ಡ ಆಸ್ಪತ್ರೆಯವರು ಜೀವ ಉಳಿಸಿ, ಚೀಟಿ ಬರೆದು, ‘ಇನ್ನು ಮನೆಗೆ ಕರಕೊಂಡು ಹೋಗ್ರಿ’ ಅಂದ ಮೇಲೆ ಶುರುವಾಗುವ ವರ್ಷಗಳ ಬಗ್ಗೆ ಕೂಗು ಕೇಳಿಸುವುದಿಲ್ಲ. ಆ ವರ್ಷಗಳು ನಡೆಯುವುದು ಪಡಸಾಲೆಯಲ್ಲಿ, ಹೆಚ್ಚಾಗಿ ಮನೆಯ ಹೆಂಗಸೊಬ್ಬಳ ಕೈಯಲ್ಲಿ.

ಅತ್ತೆಗೆ ಲಕ್ವಾ ಹೊಡೆದದ್ದು 2014ರಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ. ನಸುಕಿನಲ್ಲಿ ನೀರೊಲೆಗೆ ಉರಿ ಹಾಕಲು ಕುಳಿತವರು ಹಾಗೇ ಬಲಕ್ಕೆ ವಾಲಿದರು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಧಾರವಾಡದಲ್ಲಿ ಜೀವ ಉಳಿಸಿಕೊಟ್ಟರು. ಮಾತು ತುಸುತುಸು ಮರಳಿದಾಗ ಮೊದಲು ಬಂದದ್ದು ಮರಾಠಿ. ಅತ್ತೆಯ ತವರಿನ ಮಾತು ಅದು. ಹಳಿಯಾಳದ ಕಡೆ ಒಂದೇ ಮನೆಯಲ್ಲಿ ಎರಡು ಮೂರು ಭಾಷೆ ಓಡಾಡುವುದು ಹೊಸದಲ್ಲ. ಐವತ್ತು ವರ್ಷ ನಮ್ಮ ಮನೆಯಲ್ಲಿ ಕನ್ನಡ ಆಡಿದವರು ಈಗ ಬೇಡ ಅನ್ನಲು ‘ನಕೋ’ ಅನ್ನುತ್ತಿದ್ದರು. ಎರಡು ಭಾಷೆ ಬಲ್ಲವರಿಗೆ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಒಂದು ಉಳಿದು ಇನ್ನೊಂದು ಮಂಕಾಗುವುದುಂಟು ಎಂದು ಡಾಕ್ಟರು ವಿವರಿಸಿದರು. ಕನ್ನಡ ತಿಂಗಳುಗಳ ನಂತರ ಬಂತು.

ಆಸ್ಪತ್ರೆ ಬಿಡುವ ಮೊದಲು ಅಲ್ಲಿಯ ಸಿಸ್ಟರ್ ಒಬ್ಬರು ನನಗೆ ಪಾಠ ಹೇಳಿದರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಷ್ಟು ಚೆನ್ನಾಗಿ ಪಾಠ ಹೇಳುವವರನ್ನು ನಮ್ಮ ವೃತ್ತಿಯಲ್ಲೂ ಕಂಡದ್ದು ಕಡಿಮೆ. ಮೊದಲು ತಾವು ಮಾಡಿ ತೋರಿಸಿದರು, ಆಮೇಲೆ ನನ್ನಿಂದ ಮಾಡಿಸಿದರು, ಕೊನೆಗೆ ನನ್ನನ್ನೇ ಮಂಚದ ಮೇಲೆ ಮಲಗಿಸಿ ಹೊರಳಿಸಿದರು. ‘ಗೊತ್ತಾತಲ್ರಿ, ಎಳದ್ರ ಹೆಂಗ ಉರಿತದ ಅಂತ?’ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಪಕ್ಕದ ಎಲುಬಿನ ಮೇಲೆ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು. ಮೈಯ ಕೆಳಗೆ ಮೆತ್ತನೆಯ ಹಳೇ ಸೀರೆ ಮಡಚಿ ಹಾಸಿ, ಆ ಸೀರೆಯನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು.

ಉಣಿಸುವುದಂತೂ ಇನ್ನೊಂದೇ ವಿದ್ಯೆ. ಲಕ್ವಾದವರಿಗೆ ನುಂಗಲು ಎಲ್ಲಕ್ಕಿಂತ ಕಷ್ಟದ್ದು ನೀರು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ತೆಳ್ಳಗಿನದು ಬಾಯಿಗೆ ಹೋದ ಕೂಡಲೇ ಓಡುತ್ತದೆ, ಗಂಟಲು ಮುಚ್ಚಿಕೊಳ್ಳುವಷ್ಟರಲ್ಲಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮಂದವಾದ ಗಂಜಿ ನಿಧಾನವಾಗಿ ಸಾಗುವುದರಿಂದ ಗಂಟಲಿಗೆ ಸಮಯ ಸಿಗುತ್ತದೆ. ಅದಕ್ಕೇ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆ ಬಾಗಿಸಿ, ಸ್ವಾಧೀನವಿರುವ ಎಡಗೆನ್ನೆಯೊಳಗೆ ಚಮಚ ಇಟ್ಟು, ಗಂಟಲ ಗಂಟು ಮೇಲೇರಿ ಇಳಿಯುವುದನ್ನು ನೋಡಿದ ಮೇಲೆಯೇ ಮುಂದಿನ ಚಮಚ. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಶಾಲೆಗೆ ಹೋಗುವ ಅವಸರದಲ್ಲಿ ಈ ಕೆಲಸ ಆಗುವುದಿಲ್ಲ. ನಾನು ನಸುಕಿನಲ್ಲಿ ಏಳತೊಡಗಿದೆ.

ಮಂಚವನ್ನು ಒಳಕೋಣೆಯಲ್ಲಿ ಹಾಕಿದ್ದೆವು. ಅತ್ತೆ ಎಡಗೈಯಿಂದ ಹೊರಗೆ ತೋರಿಸುತ್ತಲೇ ಇದ್ದರು, ಪಡಸಾಲೆಗೆ ತರುವವರೆಗೆ ಬಿಡಲಿಲ್ಲ. ಅಲ್ಲಿಂದ ಓಣಿ ಕಾಣುತ್ತದೆ. ಹಾಲಿನವನು, ಸಾಲಿ ಹುಡುಗರು, ಕಬ್ಬಿನ ಟ್ರ್ಯಾಕ್ಟರು ಎಲ್ಲ ಕಾಣುತ್ತವೆ. ಅವರ ಇನ್ನೊಂದು ಹಟ ಕೌದಿಯದು. ಅವರದೇ ಹಳೇ ಸೀರೆಗಳನ್ನು ಕೊಟ್ಟು ಪರಿಚಯದ ಸಿದ್ದಿ ಹೆಣ್ಣುಮಗಳಿಂದ ಹೊಲಿಸಿದ್ದು. ಸಿದ್ದಿಯರ ಕೌದಿ ಅಂಚಿನಿಂದ ಹೊಲಿಯುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ, ಹೂವಿಲ್ಲದಿದ್ದರೆ ಕೌದಿ ಪೂರ್ತಿಯಾಯಿತು ಅನ್ನುವುದಿಲ್ಲ. ಅದರ ಮೇಲೆಯೇ ಮಲಗಬೇಕೆಂದು ಅತ್ತೆಯ ಆಸೆ. ಹೊಲಿಗೆಯ ಗೆರೆಗಳು ಬೆನ್ನಿಗೆ ಒತ್ತುತ್ತವೆ ಎಂದು ಸಿಸ್ಟರ್ ಮೊದಲೇ ಎಚ್ಚರಿಸಿದ್ದರು. ಅದಕ್ಕೇ ಅದನ್ನು ಕೆಳಗೆ ಹಾಸಲಿಲ್ಲ; ಬೇಸಿಗೆಯ ಸೆಖೆಯಲ್ಲೂ ಅದು ಹೊದಿಕೆಯಾಗಿ ಮೇಲೆ ಇರುತ್ತಿತ್ತು. ಮಾತು ಬೇಡವಾದಾಗ ಅತ್ತೆಯ ಎಡಗೈ ಬೆರಳು ಒಂದು ಮೂಲೆಯ ಹೂವನ್ನು ಹುಡುಕಿಕೊಳ್ಳುತ್ತಿತ್ತು.

ಎರಡನೆಯ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಮೂತ್ರ ಕಂದುಬಣ್ಣಕ್ಕೆ ತಿರುಗಿ ಕಟುವಾಸನೆ ಬರತೊಡಗಿತು. ರಾತ್ರಿ, ಎಂದೋ ತೀರಿಹೋದ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಚಹಾ ಕೊಡಿ ಎಂದು ಗದರಿದರು. ಡಾಕ್ಟರು ನೋಡಿ, ಮೈಯಲ್ಲಿ ನೀರಿಲ್ಲ, ಮೂತ್ರಕ್ಕೆ ಸೋಂಕು ತಗುಲಿದೆ, ವಯಸ್ಸಾದವರಿಗೆ ಅಷ್ಟು ಸಾಕು ಬುದ್ಧಿ ಅಲೆದಾಡಲು ಎಂದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾರೆ ಎಂದು ಕೇಳಿದರು. ಮಧ್ಯಾಹ್ನದ ನಂತರ ಲೋಟ ಹಿಡಿದಾಗಲೆಲ್ಲ ಅತ್ತೆ ತುಟಿ ಬಿಗಿದು ‘ನಕೋ’ ಅನ್ನುತ್ತಿದ್ದರು. ನೆತ್ತಿಗೇರೀತೆಂಬ ಹೆದರಿಕೆ ಇರಬೇಕು ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು.

ಜ್ವರ ಬಿಟ್ಟ ಮೇಲೆ ಕೇಳಿದೆ. ಅಷ್ಟರಲ್ಲಿ ಕನ್ನಡ ಸುಮಾರಾಗಿ ಬರುತ್ತಿತ್ತು. ‘ಅತ್ತೀ, ನೀರು ಯಾಕ ಒಲ್ಲೆ ಅಂತೀರಿ?’ ಬಹಳ ಹೊತ್ತು ಹಂಚಿನ ಕಡೆ ನೋಡಿದರು. ಆಮೇಲೆ ಒಂದೊಂದೇ ಮಾತು ಹುಡುಕಿ ತೆಗೆದರು. ‘ನಾ ಕುಡದ್ರ... ನೀ ರಾತ್ರಿ ಏಳಬೇಕು. ಮುಂಜಾನೆ ನಿನಗ ಸಾಲಿ.’

ಅವರು ಬಾಯಾರಿಕೆಯನ್ನು ನುಂಗುತ್ತಿದ್ದದ್ದು ನನ್ನ ನಿದ್ದೆಗಾಗಿ. ಅರ್ಧ ಮೈ ಸತ್ತು, ಮಾತು ತೊದಲಿ, ತಾವಾಗಿ ಹೊರಳಲೂ ಆಗದ ಸ್ಥಿತಿಯಲ್ಲಿ ಅವರ ಕೈಯಲ್ಲಿ ಉಳಿದಿದ್ದದ್ದು ತುಟಿ ಮುಚ್ಚುವುದೊಂದೇ. ಅದನ್ನೇ ನನಗಾಗಿ ಕೊಟ್ಟಿದ್ದರು. ಆ ಕರುಣೆ ಅವರ ಜೀವಕ್ಕೇ ಎರವಾಗುವುದರಲ್ಲಿತ್ತು. ಆಮೇಲೆ ಬೇರೆ ಮನೆಗಳಲ್ಲಿ ಕೇಳಿದಾಗ ಗೊತ್ತಾಯಿತು, ಮಲಗಿದ ಹೆಂಗಸರಲ್ಲಿ ಇದು ತೀರ ಸಾಮಾನ್ಯ. ಊಟ ಕಡಿಮೆ ಮಾಡುತ್ತಾರೆ, ನೋವನ್ನು ಹೇಳುವುದಿಲ್ಲ, ಬೆನ್ನು ಉರಿದರೂ ‘ಆರಾಮ ಅದೀನಿ’ ಅನ್ನುತ್ತಾರೆ. ಸೇವೆ ಮಾಡುವವರೂ ಹಾಗೇ, ಸೊಂಟ ಹಿಡಿದರೂ ಹಲ್ಲು ಕಚ್ಚಿ ಎತ್ತುತ್ತಾರೆ. ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತ ಹೋದರೆ ಇಬ್ಬರಿಗೂ ಕೇಡು.

ಅಂದಿನಿಂದ ನಾವಿಬ್ಬರೂ ಒಪ್ಪಂದಕ್ಕೆ ಬಂದೆವು. ನೀರಿನ ಹೆಚ್ಚು ಪಾಲು ಹಗಲಿಗೆ, ಗಂಜಿ, ಮಜ್ಜಿಗೆ, ಬೇಳೆಕಟ್ಟಿನ ರೂಪದಲ್ಲಿ. ಕತ್ತಲಾದ ಮೇಲೆ ಗಂಟಲು ಒಣಗದಷ್ಟು. ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ಬಂತು. ಉಳಿದದ್ದು ರಾತ್ರಿ ಏಳುವ ಪ್ರಶ್ನೆ. ನನ್ನ ಗಂಡ, ‘ಒಂದಿನ ನೀ, ಒಂದಿನ ನಾ’ ಅಂದರು. ಅತ್ತೆ ಒಪ್ಪಲಿಲ್ಲ. ಹೆತ್ತ ಮಗನಾದರೇನು, ಗಂಡಸು. ವಾರಗಟ್ಟಲೆ ನಕೋ ಅಂದವರು ಒಂದು ರಾತ್ರಿ, ನಾನು ಎದ್ದು ನಿಲ್ಲುವಾಗ ಗೋಡೆ ಹಿಡಿದದ್ದನ್ನು ನೋಡಿ, ಮಗನನ್ನು ಹೆಸರು ಹಿಡಿದು ಕೂಗಿದರು. ಒಂದೇ ಷರತ್ತು: ‘ಲೈಟು ಆರಿಸು.’ ನನ್ನ ಗಂಡ ಬ್ಯಾಟರಿಯನ್ನು ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲಿಟ್ಟು, ತಾಯಿಯನ್ನು ಎತ್ತಿ ಕೂರಿಸಿ, ತಿರುಗಿ ನಿಂತರು. ಆಮೇಲಿನ ರಾತ್ರಿಗಳೆಲ್ಲ ಹಾಗೇ ನಡೆದವು. ಗಂಡಸರಿಗೆ ಈ ಕೆಲಸ ಬರುವುದಿಲ್ಲ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ. ಕಲಿಸಿದರೆ ಬರುತ್ತದೆ. ಕಲಿಯಬೇಕೆಂದು ಅವರಿಗೂ ಅನ್ನಿಸಬೇಕು.

ಕರುಣೆಯ ಬಗ್ಗೆ ಯೋಚಿಸುವಾಗ ನನಗೆ ನಮ್ಮದೇ ಜಿಲ್ಲೆಯ ಮುಂಡಗೋಡ ನೆನಪಾಗುತ್ತದೆ. ಕೆಲಸದ ಮೊದಲ ವರ್ಷಗಳನ್ನು ಆ ಕಡೆ ಕಳೆದವಳು ನಾನು. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಟಿಬೆಟ್ ಬಿಟ್ಟು ಬಂದವರಿಗೆ ಕರ್ನಾಟಕ ನೆಲ ಕೊಟ್ಟಿತು. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡ. ಡ್ರೆಪುಂಗ್, ಗಾಂದೆನ್ ಎಂಬ ಅವರ ಮಹಾವಿಹಾರಗಳು ಇಲ್ಲಿ ಮತ್ತೆ ಎದ್ದು ನಿಂತವು. ಚಳಿಗಾಲ ಬಂತೆಂದರೆ ದುಡಿಯುವ ವಯಸ್ಸಿನವರು ಸ್ವೆಟರ್ ಗಂಟು ಕಟ್ಟಿಕೊಂಡು ದೊಡ್ಡ ಊರುಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. ಕ್ಯಾಂಪುಗಳಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ದಿಕ್ಕಿಲ್ಲದ ವೃದ್ಧರಿಗಾಗಿ ಅವರು ಕಾಲೊನಿಯಲ್ಲೇ ಒಂದು ಆಶ್ರಯ ಮಾಡಿಕೊಂಡಿದ್ದಾರೆ. ನೆಲ ಕಳೆದುಕೊಂಡು ಬಂದವರು ಮಾಡಿಕೊಂಡ ಏರ್ಪಾಟು ಅದು.

ಹಾಗೆ ನೋಡಿದರೆ ನಮ್ಮ ಸೀಮೆಯೇ ಓಡಿ ಬಂದವರ ಸೀಮೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಚನ್ನಬಸವಣ್ಣನ ಜೊತೆ ಶರಣರು ಬಂದು ಸೇರಿದ್ದು ಜೊಯಿಡಾದ ಕಾಡಿನ ಉಳವಿಗೆ. ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಿದ್ದಿಗಳು ಅಡಗಿದ್ದೂ ಈ ಕಾಡುಗಳಲ್ಲೇ. ಅತ್ತೆ ಇದನ್ನೆಲ್ಲ ಪುಸ್ತಕದಿಂದ ತಿಳಿದವರಲ್ಲ. ಭಾರತ ಹುಣ್ಣಿಮೆಗೆ ಉಳವಿಗೆ ಹೋಗುವ ಚಕ್ಕಡಿಗಳು ತವರಿನ ಮುಂದೆ ನಿಂತಾಗ ಅವರ ಅಪ್ಪ ಮೊದಲು ನೀರು ತೋರಿಸುತ್ತಿದ್ದದ್ದು ಎತ್ತುಗಳಿಗಂತೆ, ಆಮೇಲೆ ಮನುಷ್ಯರಿಗೆ. ‘ಎತ್ತಿಗೆ ಬಾಯಿಲ್ಲ, ಕೇಳಾಂಗಿಲ್ಲ’ ಎನ್ನುತ್ತಿದ್ದರಂತೆ.

2012ರ ಕೊನೆಯಲ್ಲಿ ದಲೈ ಲಾಮಾ ಮುಂಡಗೋಡದಲ್ಲಿ ಲಾಮ್‌ರಿಮ್ ಪ್ರವಚನ ನಡೆಸಿದಾಗ ಅಲ್ಲಿಯ ಹಳೆಯ ಪರಿಚಯದ ಟಿಬೆಟನ್ ಅಜ್ಜಿಯೊಬ್ಬರನ್ನು ನೋಡಲು ಹೋಗಿದ್ದೆ. ಅವರು ತಮ್ಮ ಮುರುಕು ಹಿಂದಿಯಲ್ಲಿ ಪ್ರವಚನದ ಸಾರ ಹೇಳಿದರು. ಜೀವಿಗಳೆಲ್ಲ ಎಂದೋ ಯಾವ ಜನ್ಮದಲ್ಲೋ ನಮಗೆ ತಾಯಿಯಾಗಿದ್ದವು ಎಂದು ನೆನೆಯುವುದು ಅವರ ಸಾಧನೆಯ ಮೊದಲ ಮೆಟ್ಟಿಲು. ಎರಡನೆಯದು, ಆ ತಾಯಿ ಮಾಡಿದ್ದನ್ನು ನೆನೆಯುವುದು. ಕರುಣೆ ಬರುವುದು ಆಮೇಲೆ. ದಲೈ ಲಾಮಾ ಕೂಡ ತಮಗೆ ಕರುಣೆಯ ಮೊದಲ ಗುರು ಹಳ್ಳಿಯ ರೈತಹೆಂಗಸಾದ ತಮ್ಮ ತಾಯಿಯೇ ಎಂದು ಹೇಳುತ್ತ ಬಂದಿದ್ದಾರೆ. ಅತ್ತೆ ಮಲಗಿದ ಮೇಲೆ ಆ ಮಾತು ನನಗೆ ಬೇರೆಯದೇ ತೂಕದಿಂದ ಕೇಳಿಸಿತು. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು. ನನ್ನ ಬಾಣಂತನಗಳನ್ನು ಮಾಡಿದವರು ಅತ್ತೆ. ಮೈಗೆ ಎಣ್ಣೆ ತಿಕ್ಕಿ, ಕೊಡಗಟ್ಟಲೆ ಬಿಸಿನೀರು ಎರೆದು, ಮಂಚದ ಕೆಳಗೆ ಕೆಂಡ ಇಟ್ಟು ಬೆನ್ನು ಕಾಯಿಸಿದ ಬಲಗೈ ಅದು. ಈಗ ಆ ಕೈಯ ಮಡಚಿಕೊಂಡ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಿ ಒರೆಸುತ್ತಿದ್ದೆ.

ಆದರೆ ಋಣದ ಲೆಕ್ಕದಲ್ಲೇ ಎಲ್ಲವೂ ಮುಗಿಯುವುದಿಲ್ಲ. ಜೀವನವಿಡೀ ಕಾಡಿದ ಅತ್ತೆಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಸೊಸೆಯಂದಿರು ನಮ್ಮ ಕಡೆ ಎಷ್ಟಿಲ್ಲ! ಅಂಥ ಒಬ್ಬಳ ಮನೆಗೆ ಹುಣ್ಣು ತೊಳೆಯುವುದನ್ನು ತೋರಿಸಲು ಹೋಗಿದ್ದೆ. ಕೆಲಸ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುವಾಗ, ‘ಹೆಂಗ ಮಾಡತೀಯವ್ವಾ ಇಷ್ಟೆಲ್ಲ?’ ಅಂದೆ. ಅವಳು ತಲೆ ಎತ್ತದೆ ಹೇಳಿದಳು: ‘ಆಕಿ ನನಗ ಮಾಡಿದ್ದು ಬ್ಯಾರೆ. ಹುಣ್ಣು ಬ್ಯಾರೆ. ಹುಣ್ಣಿಗೆ ಏನ್ ಗೊತ್ತು ಅದು ಯಾರದು ಅಂತ.’ ಅವಳಲ್ಲಿ ಪ್ರೀತಿ ಇರಲಿಲ್ಲ, ಇದ್ದಂತೆ ನಟಿಸಲೂ ಇಲ್ಲ. ಕರುಣೆಗೆ ಪ್ರೀತಿಯ ಹಂಗಿಲ್ಲ ಎಂದು ನಾನು ನಂಬುವುದು ಅವಳನ್ನು ಕಂಡ ಮೇಲೆ. ಅವಳ ಮುಂದೆ ನನ್ನದು ಸುಲಭದ ದಾರಿ.

ನೋಡಲು ಬರುವವರದು ಇನ್ನೊಂದು ಬಗೆ. ಬಿಸ್ಕತ್ತಿನ ಪಾಕೀಟು, ಬಾಳೆಹಣ್ಣು ತರುತ್ತಾರೆ. ಮಂಚದ ಮುಂದೆ ನಿಂತು, ‘ಹೆಂಗಿದ್ದಾಕಿ ಹೆಂಗಾದ್ಲು’ ಎಂದು ಸೆರಗು ಕಣ್ಣಿಗೆ ಒತ್ತುತ್ತಾರೆ. ಅವರು ಹೋದ ಮೇಲೆ ಅತ್ತೆ ಊಟ ಬಿಡುತ್ತಿದ್ದರು. ಓಣಿಯ ಮುಸಲ್ಮಾನರ ಮನೆಯ ಚಾಚಿ ಮಾತ್ರ ಬಂದವರೇ ಬಾಚಣಿಕೆ ಕೇಳುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ, ಹೇನಿದೆಯೇ ನೋಡಿ, ಸಿಕ್ಕು ಬಿಡಿಸಿ, ಸಣ್ಣ ಜಡೆ ಹಾಕುತ್ತ ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿ ಏನು ದರ, ಯಾರ ಎಮ್ಮೆ ಈಯಿತು, ಯಾರು ಯಾರ ಜೊತೆ ಮಾತು ಬಿಟ್ಟರು ಎಲ್ಲ ಒಪ್ಪಿಸುತ್ತಿದ್ದರು. ಅಭಿಪ್ರಾಯ ಕೇಳುತ್ತಿದ್ದರು. ಅತ್ತೆ ಎಡಗೈ ಬೀಸಿ ತೀರ್ಪು ಕೊಡುತ್ತಿದ್ದರು.

ಚಾಚಿಯಿಂದಲೇ ನನಗೆ ಹೊಳೆದದ್ದು, ಅತ್ತೆಗೆ ಕೆಲಸ ಬೇಕು ಎಂದು. ಮೊರದಲ್ಲಿ ಅಕ್ಕಿ ಹರವಿ ತೊಡೆಯ ಮೇಲಿಟ್ಟೆ. ಎಡಗೈಯಿಂದ ಕಲ್ಲು, ನೆಲ್ಲು ಆರಿಸತೊಡಗಿದರು. ನಿಧಾನವಾಗಿತ್ತು, ಆದರೆ ನನ್ನ ಕಣ್ಣಿಗಿಂತ ಚುರುಕು. ಆರಿಸಿದ ಅಕ್ಕಿಯನ್ನು ಮತ್ತೊಮ್ಮೆ ನೋಡಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಮಗ ಶಾಲೆಯಿಂದ ಬಂದು ಅವರಿಗೆ ಪಾಠ ಓದಿ ಒಪ್ಪಿಸುವುದು ಶುರುವಾಯಿತು; ತಪ್ಪು ಓದಿದರೆ ಅಕ್ಷರ ಬಾರದ ಅಜ್ಜಿಗೆ ಅದು ಹೇಗೋ ತಿಳಿಯುತ್ತಿತ್ತು. ಒಮ್ಮೆ ನನಗೆ ಜ್ವರ ಬಂದು ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಆ ದಿನಗಳಲ್ಲಿ ಮನೆ ನಡೆಸಿದವರು ಅತ್ತೆ. ಗಂಜಿಗೆ ಉಪ್ಪು ಎಷ್ಟು, ಕಷಾಯಕ್ಕೆ ಏನೇನು ಹಾಕಬೇಕು, ಎಲ್ಲ ಮಗನಿಗೂ ಮೊಮ್ಮಗನಿಗೂ ಮಂಚದಿಂದಲೇ ಹೇಳಿ ಮಾಡಿಸಿದರು. ಮಧ್ಯೆ ಮಧ್ಯೆ ಕೈ ಇಳಿಬಿಟ್ಟು ನನ್ನ ಹಣೆ ಮುಟ್ಟಿ, ‘ಜೇವ್ಲೀಸ್ ಕಾ?’ ಅನ್ನುತ್ತಿದ್ದರು, ಉಂಡೆಯಾ ಎಂದು. ಅವರ ಮುಖದಲ್ಲಿ ಅಷ್ಟು ಲವಲವಿಕೆಯನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

2018ರ ಮಳೆಗಾಲದಲ್ಲಿ ಅವರು ಹೋದರು. ನುಂಗುವುದು ನಿಂತಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಇನ್ನು ಆಸ್ಪತ್ರೆ ಬೇಡವೆಂದು ಅವರೇ ಸ್ಪಷ್ಟವಾಗಿ ಹೇಳಿದ್ದರು, ಮಕ್ಕಳು ಒಪ್ಪಿದರು. ಪಡಸಾಲೆಯಲ್ಲೇ, ಎಲ್ಲರ ನಡುವೆ.

ಇಂಥವರ ಆರೈಕೆ ಬೇರೆ ಕಡೆ ಹೇಗೆ ನಡೆಯುತ್ತದೆ ಎಂದು ಆಮೇಲೆ ಓದಿ ತಿಳಿದೆ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹಾಸ್ಪೈಸ್ ತೆರೆದಾಗ, ವಾಸಿಯಾಗದವರಿಗೂ ಮಾಡಬೇಕಾದದ್ದು ಬಹಳ ಇದೆ ಎಂದು ವೈದ್ಯಲೋಕಕ್ಕೆ ತೋರಿಸಿಕೊಟ್ಟರು. ಬೆಂಗಳೂರಿನಲ್ಲಿ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರನ್ನು ದುಡ್ಡು ಕೇಳದೆ ನೋಡಿಕೊಳ್ಳುತ್ತ ಬಂದಿದೆ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಕೇರಳದ ದಾರಿ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರೂ ಸ್ವಯಂಸೇವಕರೂ ನೋವು ಶಮನಕ್ಕೆಂದು ಆರಂಭಿಸಿದ್ದು ನೆರೆಹೊರೆಯವರ ಜಾಲವಾಗಿ ಹಬ್ಬಿತು. 2008ರಲ್ಲಿ ಸರ್ಕಾರ ಅದನ್ನು ತನ್ನ ನೀತಿಯಾಗಿ ಮಾಡಿಕೊಂಡಿತು. ಅಲ್ಲಿ ನರ್ಸ್ ರೋಗಿಯ ಮನೆಗೆ ಬರುತ್ತಾರೆ, ಪಕ್ಕದ ಮನೆಯವರೂ ಕಲಿತು ಕೈಜೋಡಿಸುತ್ತಾರೆ. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಇದೆ. ಆದರೆ ರಾತ್ರಿ ಮಗ್ಗುಲು ಬದಲಿಸುವುದನ್ನು ಕಲಿಸುವವರು ಯಾರು? ಹಳಿಯಾಳ, ಜೊಯಿಡಾದಂಥ ಕಾಡಂಚಿನ ತಾಲ್ಲೂಕುಗಳಿಗೆ ಮನೆಮನೆಗೆ ಹೋಗುವ ನರ್ಸ್‌ಗಳು, ಅವರಿಗೊಂದು ವಾಹನ ಬೇಕು. ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆ ಬಾಗಿಲಿಗೆ ಹೋಗುವಂತೆ ಮಲಗಿದವರ ಮನೆಗೂ ಯಾರಾದರೂ ಹೋಗಬೇಕು.

ಅಲ್ಲಿಯವರೆಗೆ ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನನಗೆ ಕರೆ ಬರುತ್ತದೆ, ನಾನು ಹೋಗುತ್ತೇನೆ. ಈಚೆಗೆ ಹೀಗೇ ಒಂದು ಮನೆಯಲ್ಲಿ ಹೆಂಡತಿಗೆ ಲಕ್ವಾ, ನೋಡಿಕೊಳ್ಳುವವರು ಗಂಡ, ಇಬ್ಬರೇ. ಮಕ್ಕಳು ಪುಣೆಯಲ್ಲಿ. ಹೊರಳಿಸುವುದು, ಉಣಿಸುವುದು ತೋರಿಸಿದ ಮೇಲೆ ನಾನು ಅವರನ್ನು ಬಿಟ್ಟು ಆಕೆಯ ಕಡೆ ತಿರುಗಿ ಕೇಳಿದೆ, ‘ವೈನಿ, ಸಂಜೀಮುಂದ ನೀರು ಕುಡೀತೀರಿಲ್ರಿ?’ ಆಕೆ ಉತ್ತರ ಕೊಡಲಿಲ್ಲ, ಗಂಡನ ಮುಖ ನೋಡಿದರು. ಆತನಿಗೆ ತಿಳಿಯಿತು.

‘ಏ, ಅದಕ್ಕೇನ ನೀರು ಬಿಟ್ಟೀ? ಕುಡಿ ನೀ. ಪಂಪಿಗೆ ಕರೆಂಟ್ ಕೊಡೋದs ರಾತ್ರಿ. ಹೆಂಗೂ ಕಬ್ಬಿಗೆ ನೀರು ಹಾಯಸಾಕ ನಾ ಏಳೇ ಏಳತೇನಿ, ಒಂದ್ಸಲ ನಿನ್ನೂ ಎಬ್ಬಸತೇನಿ’ ಅಂದರು. ಕರೆಂಟಿನ ಪಾಳಿ ಯಾವ ವಾರ ಎಷ್ಟು ಗಂಟೆಗೆ ಎಂದು ಇಬ್ಬರೂ ಅಲ್ಲೇ ಲೆಕ್ಕ ಹಾಕತೊಡಗಿದರು.